ನೆಂಟರು ಬಂದರೂ ಎತ್ತಬೇಕಾಗದ ಮೇಜು

ನಮ್ಮ ಮನೆಗಳಲ್ಲಿ ಕೋಣೆಗಳಿಗೆ ಬರವಿಲ್ಲ. ಮಂಜೇಶ್ವರದಿಂದ ಕಾಸರಗೋಡಿನವರೆಗೆ ಹೆದ್ದಾರಿಯ ಎರಡೂ ಬದಿ ನೋಡಿಕೊಂಡು ಹೋಗಿ, ಗಲ್ಫಿನ ದುಡಿಮೆ ಎರಡೆರಡು ಮಹಡಿಯಾಗಿ ನಿಂತಿದೆ. ಸಿಟೌಟ್ ಇದೆ, ಹಾಲ್ ಇದೆ, ಮೇಲೆ ನಾಲ್ಕು ಬೆಡ್‌ರೂಮ್ ಇದೆ, ಅದರಲ್ಲೊಂದು ಪುದಿಯಾಪ್ಲನಿಗೆಂದೇ ಮೀಸಲು. ಆದರೆ ಮನೆಯವರಲ್ಲಿ ಒಬ್ಬರು ತಮ್ಮ ಖುಷಿಗೆ ಕೈಯಲ್ಲೇನಾದರೂ ಮಾಡುತ್ತೇನೆಂದು ಕೂತರೆ, ಅರ್ಧ ಮಾಡಿದ್ದನ್ನು ಹಾಗೆಯೇ ಬಿಟ್ಟು ಏಳುವುದಕ್ಕೆ ಒಂದು ಮೇಜಿನಷ್ಟು ಜಾಗ ಇಲ್ಲ. ಊಟದ ಹೊತ್ತಿಗೆ ಎತ್ತಬೇಕು. ನೆಂಟರು ಬಂದರೆ ಎತ್ತಬೇಕು. ಗುಡಿಸುವವರು ಬಂದರೆ ಎತ್ತಬೇಕು. ಹತ್ತು ಸಲ ಎತ್ತಿದ ಮೇಲೆ ಹನ್ನೊಂದನೇ ಸಲ ಯಾರೂ ತೆಗೆದು ಹರಡುವುದಿಲ್ಲ, ಫೋನ್ ಹಿಡಿದು ಕೂರುತ್ತಾರೆ.

ನನ್ನ ವಾದ ಇಷ್ಟು: ಎತ್ತಬೇಕಾಗದ ಒಂದು ಮೇಜು ಮನೆಗೆ ಬೇಕು. ಅದಕ್ಕೆ ಪ್ರತ್ಯೇಕ ಕೋಣೆ ಬೇಡ. ಅದು ಶೋಕಿಯೂ ಅಲ್ಲ.

ನಾನು ಪುಟ್ಟ ಮಾದರಿಗಳಿಗೆ ಬಣ್ಣ ಹಚ್ಚುವವನು. ಮಿನಿಯೇಚರ್ ಎಂದರೆ ಕೆಲವರಿಗೆ ಮೊಘಲರ ಕಾಲದ ಸಣ್ಣ ಚಿತ್ರಗಳು ನೆನಪಾಗುತ್ತವೆ, ಅದಲ್ಲ. ಬಸ್ಸು, ಲಾರಿ, ಜೀಪು, ಉರು, ಹಂಚಿನ ಮನೆ, ಇಂಥವುಗಳ ಅಂಗೈ ಅಗಲದ ಪ್ರತಿಕೃತಿ. ಹೊರದೇಶಗಳಲ್ಲಿ ಈ ಹವ್ಯಾಸದವರು ಹೆಚ್ಚಾಗಿ 28 ಅಥವಾ 32 ಮಿಲಿಮೀಟರ್ ಎತ್ತರದ ಸೈನಿಕರಿಗೆ ಬಣ್ಣ ಹಚ್ಚುತ್ತಾರೆ. ನಮ್ಮ ಕೇರಳಕ್ಕೆ ಈ ಹುಚ್ಚು ಹಿಡಿದದ್ದು ಬಸ್ಸಿನ ರೂಪದಲ್ಲಿ. ಫೋಮ್ ಶೀಟ್ ಕತ್ತರಿಸಿ ಅಂಟಿಸಿ, ಕೆಎಸ್‌ಆರ್‌ಟಿಸಿ ಬಸ್ಸನ್ನು ಬಾಗಿಲ ಹಿಡಿಕೆಯ ಸಮೇತ ಮಾಡಿ ನಿಲ್ಲಿಸುವ ಹುಡುಗರು ಊರೂರಲ್ಲಿ ಇದ್ದಾರೆ. ನಾನು ಕಂಡವರಲ್ಲಿ ಹೆಚ್ಚಿನವರು ಕೆಲಸ ಮಾಡುವುದು ಮಂಚದ ಮೇಲೆ, ಇಲ್ಲವೇ ನೆಲದಲ್ಲಿ ಹಳೆ ಪೇಪರ್ ಹಾಸಿಕೊಂಡು. ಅಷ್ಟು ಒಳ್ಳೆಯ ಕೈಗಳು ಬೆನ್ನು ಬಗ್ಗಿಸಿ ನೆಲದಲ್ಲಿ ಕೂತಿರುವುದು ನೋಡಿದರೆ ನನಗೆ ಸಂಕಟವಾಗುತ್ತದೆ.

ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನಾದ್ದರಿಂದ ಸ್ವಲ್ಪ ಲೆಕ್ಕ ಹೇಳಿಬಿಡುತ್ತೇನೆ, ಸಹಿಸಿಕೊಳ್ಳಿ. 11 ಮೀಟರ್ ಉದ್ದದ ಬಸ್ಸನ್ನು ಐವತ್ತರಲ್ಲಿ ಒಂದು ಪಾಲಿನ ಅಳತೆಗೆ ಇಳಿಸಿದರೆ 22 ಸೆಂಟಿಮೀಟರ್ ಆಗುತ್ತದೆ. ಆಗ ಕಿಟಕಿಯ ಸುತ್ತಲಿನ 20 ಮಿಲಿಮೀಟರ್ ಪಟ್ಟಿ ಅರ್ಧ ಮಿಲಿಮೀಟರ್‌ಗಿಂತಲೂ ಕಡಿಮೆ. ಆ ಗೆರೆಯನ್ನು ಬ್ರಷ್‌ನಲ್ಲಿ ಎಳೆಯುವಾಗ ಮೊಣಕೈಗೆ ಆಸರೆ ಬೇಕು, ಕಣ್ಣಿಗೆ ಬೆಳಕು ಬೇಕು, ಮೇಜು ಅಲ್ಲಾಡಬಾರದು. ಇಷ್ಟು ಸಿಕ್ಕರೆ ಸಾಧಾರಣ ಕೈಯೂ ಗೆರೆ ಎಳೆಯುತ್ತದೆ. ಸಿಗದಿದ್ದರೆ ಎಂಥ ಕಲಾವಿದನ ಕೈಯೂ ನಡುಗುತ್ತದೆ. ಹಾಗಾಗಿ ‘ನಿನಗೆ ಅಷ್ಟು ಆಸೆ ಇದ್ದರೆ ಎಲ್ಲಿ ಬೇಕಾದರೂ ಮಾಡಬಹುದು’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಲೇತ್ ಮೆಷಿನನ್ನು ಯಾರೂ ಮಂಚದ ಮೇಲೆ ಇಡುವುದಿಲ್ಲ.

ಇದೆಲ್ಲ ಯಾಕೆ, ಮಕ್ಕಳಾಟವಲ್ಲವೇ ಎಂದು ಕೇಳುವವರು ಇದ್ದಾರೆ. ಅವರಿಗೆ ನಾನು ಬಸ್ಸಿನ ಬಣ್ಣದ ಕಥೆ ಹೇಳುತ್ತೇನೆ. 2018ರಲ್ಲಿ ಕೇರಳದ ಖಾಸಗಿ ಬಸ್ಸುಗಳಿಗೆಲ್ಲ ಏಕರೂಪದ ಬಣ್ಣ ಬಂತು: ಸಿಟಿ ಬಸ್ಸಿಗೆ ಹಸಿರು, ಆರ್ಡಿನರಿಗೆ ನೀಲಿ, ಲಿಮಿಟೆಡ್ ಸ್ಟಾಪ್‌ಗೆ ಮೆರೂನ್. 2022ರ ಅಕ್ಟೋಬರಿನಲ್ಲಿ ವಡಕ್ಕಂಚೇರಿಯ ಅಪಘಾತದ ನಂತರ ಟೂರಿಸ್ಟ್ ಬಸ್ಸುಗಳು ಬಿಳಿಯೇ ಇರಬೇಕೆಂಬ ನಿಯಮವನ್ನೂ ಬಿಗಿ ಮಾಡಿದರು. ಸುರಕ್ಷತೆಯ ಮಾತು ಸರಿಯೇ ಇರಬಹುದು, ಅದರ ತಕರಾರು ನನಗಿಲ್ಲ. ಆದರೆ ಅದಕ್ಕೆ ಮೊದಲು ಒಬ್ಬೊಬ್ಬ ಮಾಲಕನ ಬಸ್ಸಿಗೆ ಒಂದೊಂದು ಬಣ್ಣ ಇತ್ತಲ್ಲ, ಓದು ಬಾರದವರೂ ತಿರುವಿನಲ್ಲೇ ಬಣ್ಣ ನೋಡಿ ಇದು ಎಷ್ಟು ಗಂಟೆಯ ಬಸ್ಸು ಎಂದು ಹೇಳುತ್ತಿದ್ದರಲ್ಲ, ಅದು ಈಗ ಎಲ್ಲಿದೆ? ರಸ್ತೆಯಲ್ಲಿಲ್ಲ. ಹಳೆಯ ಮದುವೆ ಆಲ್ಬಮ್‌ಗಳ ಮೂಲೆಯಲ್ಲಿ ಇದೆ, ಈ ಹುಡುಗರ ಫೋಮ್ ಶೀಟಿನ ಬಸ್ಸುಗಳ ಮೇಲೆ ಇದೆ.

ಉಪ್ಪ ಮೂವತ್ತೈದು ವರ್ಷ ಜಿನಸಿ ಅಂಗಡಿ ನಡೆಸಿದವರು. ಮಂಗಳೂರಿನಿಂದ ಬರುವ ಸಣ್ಣಪುಟ್ಟ ಕಟ್ಟುಗಳನ್ನು ಬಸ್ಸಿನವರೇ ಅಂಗಡಿ ಮುಂದೆ ಇಳಿಸಿ ಹೋಗುತ್ತಿದ್ದ ಕಾಲ ಅದು. ನನ್ನ ಮೇಜಿನ ಹತ್ತಿರ ಮೊದಲ ಕೆಲವು ತಿಂಗಳು ಅವರು ಬಂದವರೇ ಅಲ್ಲ. ಒಂದು ದಿನ ಅಸರ್ ನಮಾಜು ಮುಗಿಸಿ ಬಂದವರು ಒಣಗಲು ಇಟ್ಟಿದ್ದ ಬಸ್ಸನ್ನು ಎತ್ತಿ ನೋಡಿ, ಅಡಿಯ ಪಟ್ಟಿ ಕೆಂಪಲ್ಲ, ಇಟ್ಟಿಗೆ ಬಣ್ಣ, ಹಿಂದಿನ ಗಾಜಿನ ಕೆಳಗೆ ಇನ್ನೊಂದು ತೆಳು ಹಳದಿ ಗೆರೆ ಇತ್ತು ಎಂದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಯಾವ ಬಸ್ಸಿನ ಡ್ರೈವರ್ ಚಹಾಕ್ಕೆ ಎಷ್ಟು ಸಕ್ಕರೆ ಹಾಕಿಸುತ್ತಿದ್ದ ಎನ್ನುವವರೆಗೆ ಮಾತು ಹೋಯಿತು. ಅಂಗಡಿ ಮುಚ್ಚಿದ ನಂತರ ಅವರು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಮ್ಮ ಊರುಗಳ ಸಿಟೌಟ್‌ಗಳಲ್ಲಿ ಅಂಗಡಿ ಬಿಟ್ಟವರು, ಗಲ್ಫ್ ಬಿಟ್ಟು ಬಂದವರು ಕೈ ಕಟ್ಟಿಕೊಂಡು ಗೇಟಿನತ್ತ ನೋಡುತ್ತ ಕೂತಿರುವುದನ್ನು ನೀವೂ ಕಂಡಿದ್ದೀರಿ. ಕೈಗೆ ಕೆಲಸ ಇಲ್ಲದ ಗಂಡಸು ಮನೆಯಲ್ಲಿ ಹೇಗೆ ಸಣ್ಣವನಾಗುತ್ತಾನೆ ಎಂದು ಮನೆಯವರಿಗೆ ಗೊತ್ತು.

ಇನ್ನು, ‘ಇದು ನಮ್ಮ ಸಂಪ್ರದಾಯವಲ್ಲ’ ಎಂಬ ಮಾತು. ಇದಂತೂ ಸುಳ್ಳು. ಬ್ಯಾರಿ ಮನೆಗಳಲ್ಲಿ ಕೈಕೆಲಸದ ಜಾಗ ಯಾವತ್ತೂ ಇತ್ತು, ಅದಕ್ಕೆ ಹೆಸರಿರಲಿಲ್ಲ, ಅಷ್ಟೆ. ಬೀಡಿ ಕಟ್ಟುವ ಹೆಂಗಸರ ಗೆರಸೆ ನೆನಪಿಸಿಕೊಳ್ಳಿ. ತೊಡೆಯ ಮೇಲೆ ಗೆರಸೆ, ಅದರಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲಿನ ಉಂಡೆ, ಕತ್ತರಿ, ಎಲೆಯ ಅಳತೆಗೆ ತಗಡಿನ ತುಂಡು. ಪ್ರತಿಯೊಂದಕ್ಕೂ ಜಾಗ ನಿಗದಿ, ಕಣ್ಣು ಮುಚ್ಚಿದರೂ ಕೈಗೆ ಸಿಗಬೇಕು. ಪಾಲಿಟೆಕ್ನಿಕ್‌ನ ವರ್ಕ್‌ಶಾಪ್‌ನಲ್ಲಿ ನಮಗೆ ಕಲಿಸಿದ್ದೂ ಅದನ್ನೇ, ಆ ತಗಡಿನ ತುಂಡಿಗೆ ಅಲ್ಲಿ ಟೆಂಪ್ಲೇಟ್ ಎಂಬ ಹೆಸರು. ತಳಂಗರೆಯ ಟೊಪ್ಪಿ ಇನ್ನೊಂದು. ಕಾಸರಗೋಡು ಪೇಟೆಗೆ ತಾಗಿದ ಆ ಊರಿನ ಮನೆಗಳಲ್ಲಿ ಹೆಂಗಸರು ಬಿಳಿ ಬಟ್ಟೆಯ ಮೇಲೆ ಸೂಜಿಯಲ್ಲಿ ಕುಸುರಿ ಹಾಕಿ ಹೊಲಿದ ಟೊಪ್ಪಿಗಳು ಗಲ್ಫಿನವರೆಗೂ ಹೋಗಿ ಊರಿಗೆ ಹೆಸರು ತಂದವು. ಮೆಷಿನಿನ ಅಗ್ಗದ ಟೊಪ್ಪಿ ಬಂದ ಮೇಲೆ ಆ ಕೆಲಸ ಬಲ್ಲ ಕೈಗಳು ಕಡಿಮೆಯಾದವು. ಒಂದು ಟೊಪ್ಪಿಯ ಕುಸುರಿಗೂ ಒಂದು ಪುಟ್ಟ ಬಸ್ಸಿನ ಕಿಟಕಿಗೂ ಬೇಕಾದ ಕಣ್ಣು, ಕೈ, ತಾಳ್ಮೆ ಒಂದೇ. ಎಲ್ಲ ಮನೆಗಳಲ್ಲೂ ಕಿಟಕಿ ಪಕ್ಕ ಒಂದು ಹೊಲಿಗೆ ಮೆಷಿನ್ ಇರುತ್ತಿತ್ತು, ಅದನ್ನು ಯಾವ ನೆಂಟರಿಗಾಗಿಯೂ ಎತ್ತಿದ್ದು ನನಗೆ ನೆನಪಿಲ್ಲ. ಭಾರ ಇತ್ತು ಎಂಬುದೂ ಒಂದು ಕಾರಣ ಇರಬಹುದು.

ನಮ್ಮ ಸಮುದಾಯದ ಹೊರಗೂ ನೋಡಿ. ಕಾಸರಗೋಡಿನ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ 1981ರಿಂದ ನಡೆಯುತ್ತಿದೆ. ಅದರ ಕೆ.ವಿ. ರಮೇಶ್ ಅವರು ಆಡಿಸುವ ಗೊಂಬೆಗಳು ಒಂದೂವರೆ ಅಡಿ ಆಸುಪಾಸಿನವು. ಯಕ್ಷಗಾನದ ವೇಷದಲ್ಲಿ ಏನಿದೆಯೋ ಅದೆಲ್ಲ, ಕಿರೀಟದಿಂದ ಗೆಜ್ಜೆಯವರೆಗೆ, ಆ ಒಂದೂವರೆ ಅಡಿಯಲ್ಲಿ ಬರಬೇಕು. ಅವರು ಈ ಗೊಂಬೆಗಳಿಗಾಗಿ ‘ಪುತ್ಥಳಿ ಮನೆ’ ಎಂದೇ ಒಂದು ಜಾಗ ಮಾಡಿದ್ದಾರೆ. ಕನ್ನಡದ ಒಂದು ಕಲೆ ಕೇರಳದ ಗಡಿಯೊಳಗೆ ಇಷ್ಟು ವರ್ಷ ಉಳಿದು ಹೊರದೇಶಗಳಿಗೂ ಹೋಗಿ ಬಂದದ್ದರ ಹಿಂದೆ ಏನೇನಿದೆಯೋ, ಅದರಲ್ಲಿ ಒಂದು ಖಚಿತ ಜಾಗವೂ ಇದೆ ಎಂದು ನನ್ನ ಲೆಕ್ಕ.

ಗೊಂಬೆ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆ ಗೊತ್ತಿದೆ. ಜೀವ ಇರುವುದರ ರೂಪ ಮಾಡಬಹುದೇ, ಮನೆಯೊಳಗೆ ಇಡಬಹುದೇ. ಅದಕ್ಕೆ ಉತ್ತರ ಹೇಳುವುದು ಬಲ್ಲವರ ಕೆಲಸ, ಡಿಪ್ಲೊಮಾದವನ ಕೆಲಸವಲ್ಲ. ನಾನು ಮನುಷ್ಯರ ರೂಪ ಮಾಡುವುದಿಲ್ಲ. ಉಮ್ಮನಿಗೆ ಕಸಿವಿಸಿ ಆಗುವುದು ಮನೆಯಲ್ಲಿ ಬೇಡ, ನನಗೆ ಅಷ್ಟು ಸಾಕು. ಅದರಿಂದ ಈ ಹವ್ಯಾಸಕ್ಕೆ ಏನೂ ಕಡಿಮೆಯಾಗಿಲ್ಲ. ಬಸ್ಸಿದೆ, ಲಾರಿಯಿದೆ, ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ಸಿಮೆಂಟು ಹೊತ್ತು ಹೋಗುವ ಮಂಜಿಗಳಿವೆ, ಬೇಪೂರಿನ ಉರು ಇದೆ. ಬೇಪೂರಿನಲ್ಲಿ ದೊಡ್ಡ ಉರು ಕಟ್ಟುವವರ ಪಕ್ಕದಲ್ಲೇ ಅದರ ಪುಟ್ಟ ಮಾದರಿ ಮಾಡಿ ಮಾರುವವರೂ ಇದ್ದಾರೆ, ಹೋದಾಗ ಅವರ ಮೇಜುಗಳನ್ನು ನೋಡಿ ಬನ್ನಿ. ಡ್ರೈವರ್ ಸೀಟು ಖಾಲಿ ಇರುವ ಬಸ್ಸು ನಿಲ್ದಾಣದಲ್ಲಿ ನಿಂತ ಬಸ್ಸು ಎಂದುಕೊಂಡರಾಯಿತು.

ಈಗ ಜಾಗದ ವಿಷಯ. ವಿದೇಶಿ ವಿಡಿಯೊಗಳಲ್ಲಿ ಹೇಳುವ ಅರ್ಧ ಮಾತು ನಮ್ಮ ಕರಾವಳಿಗೆ ನಡೆಯುವುದಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾಲ್ಕು ಅಡಿಗೆ ಎರಡು ಅಡಿ ಮೇಜು ಧಾರಾಳ. ನನ್ನದು ಮಹಡಿ ಮೆಟ್ಟಿಲಿನ ಕೆಳಗೆ, ಮೊದಲು ಅಕ್ಕಿ ಚೀಲ ಇಡುತ್ತಿದ್ದ ಮೂಲೆಯಲ್ಲಿದೆ. ಮೇಲಿನ ಪುದಿಯಾಪ್ಲನ ಕೋಣೆಯ ಮೇಲೆ ನನಗೆ ಕಣ್ಣಿತ್ತು. ಭಾವ ವರ್ಷಕ್ಕೆ ಹತ್ತು ದಿನ ಬಂದರೆ ಹೆಚ್ಚು. ಆದರೆ ಆ ಮಾತೆತ್ತಿದ ದಿನ ಮನೆಯಲ್ಲಿ ಎಲ್ಲರ ಮುಖ ಹೇಗಾಯಿತು ಎಂದರೆ, ಆ ಕೋಣೆ ಬರೀ ಕೋಣೆಯಲ್ಲ, ತಂಗಿಗೆ ಈ ಮನೆಯಲ್ಲಿರುವ ಹಕ್ಕಿನ ಗುರುತು ಎಂದು ಗೊತ್ತಾಯಿತು. ಅದನ್ನು ಮುಟ್ಟಬಾರದು. ಮೆಟ್ಟಿಲ ಕೆಳಗಿನ ಜಾಗ ಮುಟ್ಟಬಹುದು, ಮೇಲಿನ ಲ್ಯಾಂಡಿಂಗ್ ಮುಟ್ಟಬಹುದು, ಹಿಂದಿನ ವರ್ಕ್ ಏರಿಯಾದ ಗೋಡೆ ಪಕ್ಕ ಮುಟ್ಟಬಹುದು. ಅಡುಗೆಯ ಮೇಜು ಮಾತ್ರ ಬೇಡವೇ ಬೇಡ, ಬಣ್ಣ ಮತ್ತು ಊಟ ಒಂದೇ ಹಲಗೆಯ ಮೇಲೆ ಬರಬಾರದು.

ಬೆಳಕಿಗೆ ಉತ್ತರದ ಕಿಟಕಿ ಒಳ್ಳೆಯದು ಎಂದು ಎಲ್ಲ ಕಡೆ ಬರೆದಿರುತ್ತಾರೆ, ಅಲ್ಲಿ ನೇರ ಬಿಸಿಲು ಬೀಳುವುದಿಲ್ಲವೆಂದು. ಅದು ಯುರೋಪಿನವರಿಗೆ. ನಾವಿರುವುದು ಹನ್ನೆರಡೂವರೆ ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನಮಗೆ ಉತ್ತರದಲ್ಲೇ ಇರುತ್ತಾನೆ. ಮೇ ತಿಂಗಳಲ್ಲಿ ತೆಳು ಪರದೆ ಬೇಕು, ಜೂನ್ ಬಂದರೆ ಮೋಡವೇ ಪರದೆ. ರಾತ್ರಿ ಕೆಲಸಕ್ಕೆ ಎರಡು ಎಲ್‌ಇಡಿ ದೀಪ, ಎಡಕ್ಕೊಂದು ಬಲಕ್ಕೊಂದು, ಆಗ ಕೈಯ ನೆರಳು ಕೆಲಸದ ಮೇಲೆ ಬೀಳುವುದಿಲ್ಲ. ಡಬ್ಬಿಯ ಮೇಲೆ ಸಿಆರ್‌ಐ ಎಂದು ಒಂದು ಸಂಖ್ಯೆ ಇರುತ್ತದೆ, ಬಣ್ಣಗಳನ್ನು ಇದ್ದ ಹಾಗೆ ತೋರಿಸುವ ಗುಣದ ಅಳತೆ ಅದು. ಸಾಧಾರಣ ಬಲ್ಬುಗಳದ್ದು 80ರ ಆಸುಪಾಸು, 90ಕ್ಕೆ ಮೇಲಿನದನ್ನು ಕೇಳಿ ತೆಗೆದುಕೊಳ್ಳಿ. ಹಳದಿ ಬೆಳಕಿನಲ್ಲಿ ಹೊಂದಿಸಿದ ನೀಲಿ ಬೆಳಿಗ್ಗೆ ಬೇರೆಯೇ ನೀಲಿ ಆಗಿರುತ್ತದೆ. ಬಟ್ಟೆ ಅಂಗಡಿಯಲ್ಲಿ ಸೀರೆಯನ್ನು ಹೊರಗೆ ಬಿಸಿಲಿಗೆ ತಂದು ನೋಡುವ ಹೆಂಗಸರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ನಮ್ಮ ದೊಡ್ಡ ಶತ್ರು ತೇವ. ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಸುರಿಯುವ ಊರು. ಆಟಿ ತಿಂಗಳಲ್ಲಿ ಸ್ಪ್ರೇ ಡಬ್ಬಿಯ ಪ್ರೈಮರ್ ಹೊಡೆದರೆ ಗಾಳಿಯ ತೇವ ಕೂಡಿಕೊಂಡು ಮೇಲ್ಮೈ ಬೂದಿ ಬಳಿದ ಹಾಗೆ ಮಂಕಾಗುತ್ತದೆ. ಮಳೆಗಾಲದ ನಾಲ್ಕು ತಿಂಗಳು ಬ್ರಷ್‌ನಲ್ಲಿ ಹಚ್ಚುವ ಪ್ರೈಮರ್ ಸಾಕು, ಸ್ಪ್ರೇ ಕೆಲಸ ನವೆಂಬರ್ ನಂತರ. ಬಣ್ಣ ಒಣಗದಂತೆ ಇಡಲು ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬೇಕಿಂಗ್ ಪೇಪರ್ ಹಾಸಿ ಪ್ಯಾಲೆಟ್ ಮಾಡಿಕೊಳ್ಳುತ್ತೇವೆ. ಬೇಸಿಗೆಯಲ್ಲಿ ಅದು ವರದಾನ, ಫ್ಯಾನಿನ ಕೆಳಗೆ ಬರೀ ತಟ್ಟೆಯಲ್ಲಿಟ್ಟ ಅಕ್ರಿಲಿಕ್ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಅದೇ ಡಬ್ಬಿಯೊಳಗೆ ಬೂಷ್ಟು ಬೆಳೆಯುತ್ತದೆ, ವಾರಕ್ಕೊಮ್ಮೆ ತೊಳೆದು ಒಣಗಿಸಿ. ಮೇಜನ್ನು ಹೊರಗೋಡೆಗೆ ತಾಗಿಸಬೇಡಿ, ಒಂದು ಗೇಣು ಬಿಡಿ. ಕಟ್ಟರ್ ಬ್ಲೇಡುಗಳಿಗೆ ತೆಂಗಿನೆಣ್ಣೆ ಸವರಿಡಿ, ಎಣ್ಣೆ ಒರೆಸಿ ಬಳಸಿ. ಸೀಲಿಂಗ್ ಫ್ಯಾನ್ ಧೂಳನ್ನು ಹಸಿ ಬಣ್ಣದ ಮೇಲೆ ತಂದು ಹಾಕುತ್ತದೆ, ಫ್ಯಾನ್ ಇಲ್ಲದಿದ್ದರೆ ಬೆವರು ತೊಟ್ಟಿಕ್ಕುತ್ತದೆ. ಟೇಬಲ್ ಫ್ಯಾನನ್ನು ನೆಲದಲ್ಲಿಟ್ಟು ಕಾಲಿನ ಕಡೆ ತಿರುಗಿಸಿದರೆ ಎರಡಕ್ಕೂ ಪರಿಹಾರ.

ವಾಸನೆಯ ಬಗ್ಗೆ ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ನೀರಿನ ಅಕ್ರಿಲಿಕ್ ಬಣ್ಣ ಮನೆಯೊಳಗೆ ನಡೆಯುತ್ತದೆ, ತಂಗಿಯಂದಿರು ಫ್ಯಾಬ್ರಿಕ್ ಪೇಂಟಿಂಗ್‌ಗೆ ತರುವ ಫೆವಿಕ್ರಿಲ್ ಬಾಟಲಿಗಳೇ ಆರಂಭಕ್ಕೆ ಸಾಕು. ತಿನ್ನರ್, ಸ್ಪ್ರೇ ಡಬ್ಬಿ ಇವೆಲ್ಲ ಹೊರಗೆ, ಟೆರೇಸಿನಲ್ಲಿ. ಕೊರೊನಾ ಕಾಲದ ಎನ್95 ಮಾಸ್ಕ್ ಧೂಳು ತಡೆಯುತ್ತದೆ, ತಿನ್ನರಿನ ಆವಿಯನ್ನು ತಡೆಯುವುದಿಲ್ಲ, ಅದಕ್ಕೆ ಕಾರ್ಟ್ರಿಡ್ಜ್ ಇರುವ ಮಾಸ್ಕೇ ಬೇಕು. ಈಗ ಕೆಲವರು ರೆಸಿನ್ ಪ್ರಿಂಟರ್ ತರಿಸಿ ಮಲಗುವ ಕೋಣೆಯಲ್ಲಿ ಇಡುತ್ತಿದ್ದಾರೆ. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ಅಲರ್ಜಿ ತರುವ ವಸ್ತು, ಕೈಗವಸಿಲ್ಲದೆ ಮುಟ್ಟಬಾರದು, ಮಕ್ಕಳು ಮಲಗುವಲ್ಲಿ ಅದು ಇರಲೇಬಾರದು. ಸೂಪರ್ ಗ್ಲೂ, ಬ್ಲೇಡು ಎರಡೂ ಬೀಗದ ಪೆಟ್ಟಿಗೆಯಲ್ಲಿ. ನನ್ನದು ಉಪ್ಪನ ಅಂಗಡಿಯ ಗಲ್ಲಾಪೆಟ್ಟಿಗೆ, ಬೀಗ ಇನ್ನೂ ಚೆನ್ನಾಗಿದೆ. ಬಣ್ಣದ ಬಾಟಲಿಗಳು ಬಿಸ್ಕತ್ತಿನ ತಗಡಿನ ಡಬ್ಬಿಗಳಲ್ಲಿ, ಚಕ್ರ ಕನ್ನಡಿಗಳಂಥ ಸಣ್ಣ ಸಾಮಾನು ಮಿಠಾಯಿ ಭರಣಿಗಳಲ್ಲಿ. ಹೊಸದಾಗಿ ಖರ್ಚಾದದ್ದು ಎರಡು ದೀಪ, ಮೂರು ಬ್ರಷ್, ಒಂದು ಕಟಿಂಗ್ ಮ್ಯಾಟ್. ಬ್ರಷ್‌ನಲ್ಲಿ ತೀರಾ ಸಣ್ಣ ನಂಬರಿನ ಬೆನ್ನು ಹತ್ತಬೇಡಿ. ಮೊನೆ ಚೂಪಾಗಿರುವ 1ನೇ ನಂಬರಿನದು ಬಣ್ಣವನ್ನೂ ಹಿಡಿಯುತ್ತದೆ, ಗೆರೆಯನ್ನೂ ಎಳೆಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಗಂಡಸರಿಗೆ. ಗೆರಸೆ, ಟೊಪ್ಪಿ, ಹೊಲಿಗೆ ಮೆಷಿನ್ ಎಂದು ನಾನು ಎಣಿಸಿದ್ದೆಲ್ಲ ಹೆಂಗಸರ ಕೆಲಸ. ಅವರು ಅದನ್ನು ಅಡುಗೆ ಮತ್ತು ಮಕ್ಕಳ ಮಧ್ಯದ ಬಿಡುವಿನಲ್ಲಿ, ತೊಡೆಯ ಮೇಲೆ, ಚಾವಡಿಯ ಮೂಲೆಯಲ್ಲಿ ಮಾಡಿದರು. ಆ ದುಡ್ಡಿನಲ್ಲಿ ನಮ್ಮ ಶಾಲೆಯ ಫೀಸು ಹೋಯಿತು. ಅವರಿಗೆ ಯಾರೂ ಮೇಜು ಹಾಕಿಸಿ ಕೊಡಲಿಲ್ಲ. ಈಗ ನಮಗೆ ಒಂದು ಹವ್ಯಾಸ ಹುಟ್ಟಿದ ಕೂಡಲೇ ಮನೆಯ ಮೂಲೆಯನ್ನು ನಮ್ಮದೆಂದು ಬೇಲಿ ಹಾಕುವುದು ನ್ಯಾಯವಲ್ಲ. ಮೇಜು ಹಾಕುವ ಮೊದಲು ಮನೆಯಲ್ಲಿ ಒಂದು ಸುತ್ತು ಕೇಳಿ ನೋಡಿ, ಯಾರ ಕೈಯಲ್ಲಿ ಏನಿದೆ ಎಂದು. ಯಾರಿಗೋ ಮೆಹಂದಿ, ಯಾರಿಗೋ ಕೇಕಿನ ಅಲಂಕಾರ, ಯಾರಿಗೋ ಅರಬಿ ಅಕ್ಷರ ಬರೆಯುವುದು. ‘ನನಗೇನೂ ಬೇಡ’ ಎಂಬ ಮೊದಲ ಉತ್ತರವನ್ನು ನಂಬಬೇಡಿ, ಎರಡನೇ ಸಲ ಕೇಳಿ.

ನಮ್ಮ ಮೇಜಿನ ನಡುವೆ ಈಗ ಒಂದು ಮರದ ಪಟ್ಟಿ ಇದೆ. ಬಲಗಡೆ ನನ್ನದು. ಎಡಗಡೆ ನನ್ನ ಹೆಂಡತಿಯದು, ಅವಳು ತಳಂಗರೆಯಲ್ಲಿರುವ ತನ್ನ ಉಮ್ಮನಿಂದ ಟೊಪ್ಪಿಯ ಕುಸುರಿ ಕಲಿಯುತ್ತಿದ್ದಾಳೆ. ಒಳ್ಳೆಯ ದೀಪ ಯಾವ ಕಡೆಗೆ ತಿರುಗಿರಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಇಶಾ ತನಕ ಅವಳ ಕಡೆ, ಆಮೇಲೆ ನನ್ನ ಕಡೆ. ಹೊರಗೆ ಮಳೆ ಬಿಟ್ಟಿಲ್ಲ, ಪ್ರೈಮರ್ ಕಾಣದ ನಾಲ್ಕು ಬಸ್ಸುಗಳು ಭರಣಿಗಳ ಪಕ್ಕದಲ್ಲಿ ಸಾಲಾಗಿ ನಿಂತಿವೆ. ಅದರಲ್ಲಿ ಎರಡರ ಬಣ್ಣ ಏನೆಂದು ಉಪ್ಪ ಇನ್ನೂ ಒಪ್ಪಿಗೆ ಕೊಟ್ಟಿಲ್ಲ.